ಮಳೆಗಾಲದ ನಾಲ್ಕು ತಿಂಗಳೇ ಅಳತೆಗೋಲಾಗಲಿ

(ಮಾಗೋಡಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನದವರಿಗೆ ಮೊಬೈಲ್ ಟವರಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಒಂದು ಉದಾಹರಣೆಯಿಂದಲೇ ಉತ್ತರಿಸುತ್ತೇನೆ. ನಮ್ಮ ಅಡಿಕೆ ಮತ್ತು ಕಾಳುಮೆಣಸಿಗೆ ಇರುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಕೊಳೆತು ಉದುರಿದ ಕಾಯಿಗಳನ್ನು ಎಣಿಸಿ ಪರಿಹಾರ ಕೊಡುವುದಿಲ್ಲ. ಮಳೆಮಾಪಕವು ದಾಖಲಿಸಿದ ಅಂಕಿಯೇ ಅಲ್ಲಿ ಆಧಾರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ಥಾಪಿಸಿರುವ ಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಲೆಕ್ಕವನ್ನು ಬೆಂಗಳೂರಿಗೆ ಕಳುಹಿಸುವಂತೆ ರೂಪುಗೊಂಡಿವೆ. ಆ ಲೆಕ್ಕ ಸಾಗುವುದು ಮೊಬೈಲ್ ಜಾಲದ ಮೂಲಕವೇ. ಒಂದು ಮಾಪಕದ ಅಂಕಿ ದೊರೆಯದಿದ್ದರೆ ಬೇರೊಂದು ಕೇಂದ್ರದ ಅಂಕಿಯನ್ನು ಬಳಸಲು ಅವಕಾಶವಿದೆ. ಆದರೆ ಘಟ್ಟದಲ್ಲಿ ಗುಡ್ಡದ ಆಚೆಗೆ ಬಿದ್ದ ಮಳೆಯೇ ಈಚೆಗೂ ಬೀಳುವುದಿಲ್ಲ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ. ಆದ್ದರಿಂದ ಸಿಗ್ನಲ್ ಎಂಬುದು ಇಂದು ಮಾತುಕತೆಯ ಸೌಕರ್ಯ ಮಾತ್ರವಲ್ಲ; ತೋಟಕ್ಕೆ ನೀರು, ಗೊಬ್ಬರಗಳಂತೆ ಅದೂ ಒಂದು ಅಗತ್ಯ.

ಹಾಗಾದರೆ ಪೇಟೆಯಲ್ಲಿ 4ಜಿ, 5ಜಿ ಎಂದು ಜಾಲ ಮೇಲ್ದರ್ಜೆಗೇರುತ್ತಿದ್ದರೂ ನಮ್ಮ ಕೊಳ್ಳಗಳಲ್ಲಿ ದೂರವಾಣಿ ಏಕೆ ಮೂಕವಾಗಿದೆ? ಮೊದಲ ಕಾರಣ ಪ್ರಕೃತಿಯಲ್ಲಿಯೇ ಇದೆ. ರೇಡಿಯೋ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡವಾದರೆ ಅದರ ಹಿಂದೆ ನೆರಳು ಬೀಳುತ್ತದೆ. ಮಳೆಯಲ್ಲಿ ತೊಯ್ದ ದಟ್ಟವಾದ ಎಲೆಗಳು ತರಂಗದ ಶಕ್ತಿಯನ್ನು ಹೀರುತ್ತವೆ. ಆವರ್ತನ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಇತರ ಸಂಗತಿಗಳೆಲ್ಲ ಒಂದೇ ಆಗಿದ್ದು ಆವರ್ತನ ಮಾತ್ರ ಇಮ್ಮಡಿಯಾದರೆ, ಬಯಲಿನಲ್ಲಿಯೇ ಅಷ್ಟೇ ದೂರಕ್ಕೆ ತಲುಪುವ ಶಕ್ತಿ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. 700 ಮೆಗಾಹರ್ಟ್ಸ್ ತರಂಗವು 2100 ಮೆಗಾಹರ್ಟ್ಸ್ ತರಂಗಕ್ಕಿಂತ ನಮ್ಮ ಕಾಡಿಗೆ ಹೆಚ್ಚು ಒಗ್ಗುವುದು ಇದರಿಂದಲೇ. 5ಜಿಗೆ ಬಳಸುವ 3300 ಮೆಗಾಹರ್ಟ್ಸ್ ನಗರದ ಬೀದಿಗಳಲ್ಲಿ ವೇಗ ಕೊಡಬಲ್ಲದು. ಬೇಡ್ತಿಯ ಕೊಳ್ಳವನ್ನು ಇಳಿದು ಬರಲಾರದು.

ಎರಡನೆಯ ಕಾರಣ ಲೆಕ್ಕದ ವಿಧಾನದಲ್ಲಿದೆ. ಸೇವೆಯಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಚಿವ ಸಂಪುಟವು 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ ಜಾಲವು 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು. ಇವೆರಡೂ ಸ್ವಾಗತಾರ್ಹ. ಆದರೆ ಬಯಲುಸೀಮೆಯ ಹಳ್ಳಿಯೆಂದರೆ ಒಂದೆಡೆ ಕೂಡಿ ನಿಂತ ಮನೆಗಳು. ನಮ್ಮ ಹಳ್ಳಿಯೆಂದರೆ ಗುಡ್ಡಕ್ಕೊಂದು ಕೇರಿ, ಕಣಿವೆಗೊಂದು ಮನೆ. ಶಾಲೆಯ ಬಳಿ ಸಿಗ್ನಲ್ ಬಂದರೆ ಕಾಗದದಲ್ಲಿ ಇಡೀ ಊರಿಗೆ ಸೇವೆ ದೊರೆತಂತಾಗಬಹುದು, ಹಳ್ಳದಾಚೆಯ ಮಜರೆಗೆ ಏನೂ ದೊರೆತಿರುವುದಿಲ್ಲ.

ಮೂರನೆಯದು ಮಳೆಗಾಲ. ಟವರಿಗೆ ವಿದ್ಯುತ್ತೂ ಬೇಕು, ಹೊರಜಗತ್ತಿನೊಡನೆ ಜೋಡಿಸುವ ಕೇಬಲ್ಲೋ ಮೈಕ್ರೋವೇವ್ ಸಂಪರ್ಕವೋ ಬೇಕು. ಮರ ಬಿದ್ದು ತಂತಿ ಕಡಿದರೆ ಬ್ಯಾಟರಿ ಕೆಲವು ತಾಸು ದುಡಿದು ಸೋಲುತ್ತದೆ. 2021ರ ಜುಲೈನಲ್ಲಿ ನಮ್ಮದೇ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆಗಳು ಕೊಚ್ಚಿಹೋದುದನ್ನು ನಾವು ಮರೆತಿಲ್ಲ. ಅಂತಹ ರಾತ್ರಿಯಲ್ಲಿ ಒಂದು ಕರೆಯ ಬೆಲೆ ಎಷ್ಟೆಂದು ಯೋಚಿಸಿ. 2023ರಲ್ಲಿ ಎಲ್ಲ ಮೊಬೈಲ್‌ಗಳೂ ಏಕಕಾಲಕ್ಕೆ ಸದ್ದು ಮಾಡುವ ವಿಪತ್ತು ಎಚ್ಚರಿಕೆಯ ಪ್ರಯೋಗ ನಡೆಯಿತಷ್ಟೆ. ಟವರು ನಿಂತುಹೋದ ಕಣಿವೆಗೆ, ಅಂದರೆ ಎಚ್ಚರಿಕೆ ಅತ್ಯಂತ ಅವಶ್ಯವಾದ ಜಾಗಕ್ಕೇ, ಆ ಸದ್ದು ತಲುಪುವುದಿಲ್ಲ.

ಮಿತ್ರರೇ, ನೆಲಕ್ಕೆ ತಕ್ಕ ತಂತ್ರಜ್ಞಾನ ನಮ್ಮ ದೇಶಕ್ಕೆ ಹೊಸದಲ್ಲ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣ ಬೇಡದ, ಹಳ್ಳಿಯ ಬಿಸಿಲು ಧೂಳುಗಳನ್ನು ತಾಳಬಲ್ಲ ಪುಟ್ಟ ದೂರವಾಣಿ ವಿನಿಮಯ ಕೇಂದ್ರವನ್ನು ರೂಪಿಸಿತು. ಅದು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಇಂದಿನ ಸ್ವದೇಶಿ 4ಜಿ ಜಾಲದಲ್ಲಿಯೂ ಅದೇ ಸಂಸ್ಥೆಯ ಪಾಲಿದೆ. ಅಂದು ಧೂಳಿಗೆ ತಕ್ಕಂತೆ ಯಂತ್ರ ಮಾಡಿದವರು ಇಂದು ಮಳೆಗೆ ತಕ್ಕಂತೆ ಜಾಲ ಮಾಡಲಾರರೇ?

ಟವರ್ ಕೇಳಿದರೆ ಕಾಡು ಹೋಗುವುದಿಲ್ಲವೇ ಎಂಬ ಆತಂಕ ನಮ್ಮಂತಹ ಸಂಘಟನೆಯಲ್ಲಿ ಮೂಡಬೇಕಾದದ್ದೇ. ಇದಕ್ಕೆ ದಾರಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು, ಗ್ರಾಮಸಭೆಯ ಶಿಫಾರಸಿನ ಮೇರೆಗೆ ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ನೀಡಲು ಅವಕಾಶ ಕೊಡುತ್ತದೆ. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ಸರ್ಕಾರಿ ನಿಧಿಯಿಂದ ನಿಂತ ಒಂದೇ ಟವರನ್ನು ಹಲವು ಕಂಪನಿಗಳ ಗ್ರಾಹಕರು ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಜಾರಿಗೆ ಬಂದಿದೆ. ಮೂರು ಕಂಪನಿಗೆ ಮೂರು ಟವರು, ಮೂರು ರಸ್ತೆ ಬೇಡ. ರಸ್ತೆ ಇರುವೆಡೆ, ಈಗಾಗಲೇ ತೆರವಾದ ಜಾಗದಲ್ಲಿ ಒಂದೇ ಸಾಕು. ವಿಕಿರಣದ ಮಿತಿಯನ್ನೂ ಭಾರತವು 2012ರಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿದೆ. ಅದು ಪಾಲನೆಯಾಗುತ್ತಿದೆಯೇ ಎಂದು ಅಳತೆ ಮಾಡಿಸಿ ಕೇಳುವುದು ನಮ್ಮ ಹಕ್ಕು.

ಹೊಸ ತಳಿಯೊಂದನ್ನು ಬಯಲಿನ ಬೇಸಿಗೆಯಲ್ಲಿ ಪರೀಕ್ಷಿಸಿ ಮಲೆನಾಡಿಗೆ ಶಿಫಾರಸು ಮಾಡಿದರೆ ಯಾವ ರೈತನೂ ಒಪ್ಪುವುದಿಲ್ಲ. ಜಾಲಕ್ಕೂ ಇದೇ ನ್ಯಾಯ ಇರಲಿ. ಎಷ್ಟು ಟವರು ನಿಂತಿತು, ಎಷ್ಟು ವೇಗ ಬಂದಿತು ಎಂಬುದಕ್ಕಿಂತ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಕೇರಿಯಲ್ಲಿ ಎಷ್ಟು ತಾಸು ಕರೆ ಸಾಧ್ಯವಾಯಿತು ಎಂಬುದೇ ನಮ್ಮ ಅಳತೆಗೋಲಾಗಬೇಕು. ಕಡಿಮೆ ಆವರ್ತನದ ತರಂಗ, ಸೌರಶಕ್ತಿಯೊಡನೆ ಹೆಚ್ಚು ಸಾಮರ್ಥ್ಯದ ಬ್ಯಾಟರಿ, ಒಂದು ಕಡಿದರೆ ಇನ್ನೊಂದು ಉಳಿಯುವಂತಹ ಎರಡು ಸಂಪರ್ಕಮಾರ್ಗ: ಈ ಮೂರನ್ನು ಬೇಡಿಕೆಯಲ್ಲಿ ಸ್ಪಷ್ಟವಾಗಿ ಬರೆಯೋಣ.

ವಿದ್ಯಾರ್ಥಿಗಳೇ, ಕೊರೋನಾ ಕಾಲದಲ್ಲಿ ಪಾಠಕ್ಕಾಗಿ ಗುಡ್ಡ ಹತ್ತಿ ಕೊಡೆ ಹಿಡಿದು ಕುಳಿತ ಪೀಳಿಗೆ ತಮ್ಮದು. ಈ ಕೆಲಸ ತಮ್ಮಿಂದಲೇ ಆಗಬೇಕು. ಮಳೆಯ ದಿನಚರಿ ಬರೆಯುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅದೇ ಪುಟದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಕರೆ ಹೋಯಿತೇ ಇಲ್ಲವೇ, ಕರೆಂಟು ಇತ್ತೇ ಇಲ್ಲವೇ ಎಂದು ದಿನಾಂಕ ಹಾಕಿ ಗುರುತಿಸಿ. ಕಂಪನಿಗಳು ತಮ್ಮ ಸೇವಾವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಿಯಮ ಮಾಡಿದೆ. ಆ ನಕ್ಷೆಯ ಪಕ್ಕದಲ್ಲಿ ತಮ್ಮ ಪುಸ್ತಕವನ್ನಿಟ್ಟು ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ದಾಖಲಿಸಿ.

ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು 1981ರಲ್ಲಿ ಶಿರಸಿಯ ವಿಚಾರಸಂಕಿರಣದಲ್ಲಿ ತಜ್ಞರು ಅಂಕಿ ಅಂಶಗಳೊಡನೆ ಒರೆಗೆ ಹಚ್ಚಿದರು. ಮುಂದೆ ಆ ಯೋಜನೆ ನಿಂತಿತು. ಬೇಡವೆನ್ನುವುದಕ್ಕೆ ಲೆಕ್ಕ ಹಿಡಿದು ನಿಂತ ಸೀಮೆ ಇದು. ಬೇಕೆನ್ನುವುದಕ್ಕೂ ಅದೇ ಶಿಸ್ತಿನಿಂದ ಲೆಕ್ಕ ಹಿಡಿಯೋಣ. ಬರುವ ಜೂನ್ ಒಂದರಿಂದ ಪ್ರತಿ ಕೇರಿಯಲ್ಲಿ ಒಂದು ಪುಸ್ತಕ ತೆರೆಯಲಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.