ಉಲ್ಲೇವಿಯ ಅರ್ಧ ನ್ಯಾಯ

1958ರ ವಿಶ್ವಕಪ್ ಫುಟ್‌ಬಾಲ್ ಅಂದರೆ ನಮ್ಮವರಿಗೆ ನೆನಪಾಗುವುದು ಪೆಲೆ. ಹದಿನೇಳರ ಹುಡುಗ ಸ್ವೀಡನ್ನಿಗೆ ಹೋಗಿ, ಫೈನಲ್ಲಿನಲ್ಲಿ ಸ್ವೀಡನ್ನಿಗೇ ಎರಡು ಗೋಲು ಹೊಡೆದ. ಆದರೆ ನನ್ನನ್ನು ಬಿಡದೆ ಕಾಡುವುದು ಅದಕ್ಕೆ ಐದು ದಿನ ಮೊದಲು, ಜೂನ್ 24ರಂದು, ಗೋಥೆನ್‌ಬರ್ಗಿನ ಉಲ್ಲೇವಿ ಮೈದಾನದಲ್ಲಿ ನಡೆದ ಸೆಮಿಫೈನಲ್.

ಒಂದು ಕಡೆ ಆತಿಥೇಯ ಸ್ವೀಡನ್, ಇನ್ನೊಂದು ಕಡೆ ಹಾಲಿ ಚಾಂಪಿಯನ್ ಪಶ್ಚಿಮ ಜರ್ಮನಿ. ಮೈದಾನ ಹೊಸದು, ಜನ ಕಿಕ್ಕಿರಿದಿದ್ದರು. ಧ್ವನಿವರ್ಧಕ ಹಿಡಿದವರು ಹುಲ್ಲಿನ ಮೇಲೇ ನಿಂತು ‘ಹೇಯಾ ಸ್ವೆರ್ಯೆ’ ಎಂದು ಘೋಷಣೆ ಕೂಗಿಸುತ್ತಿದ್ದರು. ಜರ್ಮನ್ನರ ಷೇಫರ್ ಮೊದಲ ಗೋಲು ಹೊಡೆದರು, ಸ್ಕೋಗ್ಲುಂಡ್ ಸಮ ಮಾಡಿದರು. ಎರಡನೇ ಅವಧಿಯಲ್ಲಿ ಸ್ವೀಡನ್ನಿನ ಚುರುಕು ಆಟಗಾರ ಕುರ್ಟ್ ಹಾಮ್ರಿನ್‌ಗೂ ಜರ್ಮನಿಯ ಎರಿಕ್ ಯುಸ್ಕೋವಿಯಾಕ್‌ಗೂ ಜಟಾಪಟಿ. ತಾಳ್ಮೆ ತಪ್ಪಿದ ಯುಸ್ಕೋವಿಯಾಕ್ ಹಾಮ್ರಿನ್‌ರನ್ನು ಒದ್ದೇಬಿಟ್ಟರು. ಹಂಗೆರಿಯ ರೆಫರಿ ಇಸ್ತ್ವಾನ್ ಝೋಲ್ಟ್ ಕಣ್ಣೆದುರೇ ನಡೆದದ್ದು. ಹೊರಗೆ ಹೋಗು ಎಂದರು. ಯುಸ್ಕೋವಿಯಾಕ್ ಜಪ್ಪಯ್ಯ ಅಂದರೂ ಕದಲಲಿಲ್ಲ, ಜೊತೆಯ ಆಟಗಾರರೇ ಸಮಾಧಾನ ಹೇಳಿ ಕಳಿಸಬೇಕಾಯಿತು. ಈ ತೀರ್ಪಿನ ಬಗ್ಗೆ ನನಗೆ ತಕರಾರಿಲ್ಲ. ಒದ್ದವನು ಹೊರಗೆ ಹೋಗಬೇಕು.

ತಕರಾರು ಇರುವುದು ಆಮೇಲಿನದಕ್ಕೆ. ಫ್ರಿಟ್ಸ್ ವಾಲ್ಟರ್, 1954ರಲ್ಲಿ ಜರ್ಮನಿಗೆ ಕಪ್ ಗೆದ್ದುಕೊಟ್ಟ ನಾಯಕ, ಆಗ 37ರ ವಯಸ್ಸು. ಸ್ವೀಡನ್ನಿನ ಸಿಗ್ಗೆ ಪಾರ್ಲಿಂಗ್ ನುಗ್ಗಿ ಬಂದು ಅವರ ಕಾಲಿಗೆ ಬಲವಾಗಿ ಹಾಕಿದರು. ವಾಲ್ಟರ್‌ಗೆ ಮತ್ತೆ ಸರಿಯಾಗಿ ಆಡಲಾಗಲಿಲ್ಲ. ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ವಿಶ್ವಕಪ್ಪಿಗೆ ಬಂದದ್ದು 1970ರಲ್ಲಿ. ಹಾಗಾಗಿ ಜರ್ಮನಿಗೆ ಉಳಿದದ್ದು ಒಂಬತ್ತೇ ಜನ ಎನ್ನಬೇಕು. ಕೊನೆಯ ಹತ್ತು ನಿಮಿಷದಲ್ಲಿ ಗ್ರೆನ್ ಒಂದು, ಹಾಮ್ರಿನ್ ಒಂದು ಗೋಲು ಹೊಡೆದು 3–1. ಪಾರ್ಲಿಂಗ್‌ರನ್ನು ಯಾರೂ ಹೊರಗೆ ಕಳಿಸಲಿಲ್ಲ.

ಜರ್ಮನಿಯಲ್ಲಿ ಎಂಥ ಸಿಟ್ಟೆದ್ದಿತೆಂದರೆ, ಸ್ವೀಡನ್ನಿನ ಹೆಸರಿದ್ದ ತಿನಿಸನ್ನೂ ಕೆಲವು ಹೋಟೆಲುಗಳು ಪಟ್ಟಿಯಿಂದ ತೆಗೆದವು. ಅದು ಅತಿಯಾಯಿತು, ನಿಜ. ಆದರೆ ಸಿಟ್ಟಿನ ಬುಡದಲ್ಲಿದ್ದ ಪ್ರಶ್ನೆ ಸಣ್ಣದಲ್ಲ: ರೆಫರಿ ಆ ಕ್ಷಣ ಶಿಕ್ಷಿಸದೆ ಬಿಟ್ಟ ತಪ್ಪಿಗೆ ಆಮೇಲೂ ಶಿಕ್ಷೆ ಇಲ್ಲವೇ?

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ರಗ್ಬಿ. ಮೈಗೆ ಮೈ ಬಡಿಯುವುದೇ ಅಲ್ಲಿ ಆಟ, ಅದಕ್ಕೇ ಕಟ್ಟುಪಾಡೂ ಬಿಗಿ. 1995ರ ವಿಶ್ವಕಪ್ಪಿನಲ್ಲಿ, ಪೋರ್ಟ್ ಎಲಿಜಬೆತ್‌ನಲ್ಲಿ, ದಕ್ಷಿಣ ಆಫ್ರಿಕಾ ಮತ್ತು ಕೆನಡಾ ಆಟಗಾರರು ಮೈದಾನದಲ್ಲೇ ಹೊಡೆದಾಡಿಕೊಂಡರು. ರೆಫರಿ ಡೇವಿಡ್ ಮೆಕ್‌ಹ್ಯೂ ಮೂವರನ್ನು ಹೊರಗೆ ಹಾಕಿದರು. ಆದರೆ ದಕ್ಷಿಣ ಆಫ್ರಿಕಾದ ಪೀಟರ್ ಹೆಂಡ್ರಿಕ್ಸ್ ಆ ದಿನ ಪಾರಾದರು. ಪಂದ್ಯ ಮುಗಿದ ಮೇಲೆ ಮತ್ತೆ ವಿಚಾರಣೆ ನಡೆಯಿತು, ಅವರಿಗೂ ನಿಷೇಧ ಬಿತ್ತು. ದಕ್ಷಿಣ ಆಫ್ರಿಕಾ ಆ ಕಪ್ ಗೆದ್ದದ್ದೂ ಒಂದು ಜೂನ್ 24ರಂದೇ. ಇಂದು ರಗ್ಬಿಯಲ್ಲಿ ರೆಫರಿ ಗಮನಕ್ಕೆ ಬಾರದ ಅಪಾಯದ ಆಟವನ್ನು ಪಂದ್ಯದ ನಂತರ ಗುರುತಿಸಿ ದೂರು ಕೊಡಲೆಂದೇ ಅಧಿಕಾರಿ ಇರುತ್ತಾರೆ.

ಉಲ್ಲೇವಿಯಲ್ಲಿ ಅಂಥವರು ಇದ್ದಿದ್ದರೂ 3–1 ಬದಲಾಗುತ್ತಿರಲಿಲ್ಲ. ಆದರೆ ಪಾರ್ಲಿಂಗ್ ಉತ್ತರ ಹೇಳಬೇಕಾಗುತ್ತಿತ್ತು. ಹಾಗಾಗಲಿಲ್ಲ. ಐದು ದಿನಗಳಲ್ಲಿ ಅವರು ಫೈನಲ್ ಆಡಿದರು. ಫ್ರಿಟ್ಸ್ ವಾಲ್ಟರ್ ಜರ್ಮನಿಯ ಪರವಾಗಿ ಮತ್ತೆಂದೂ ಆಡಲಿಲ್ಲ.