ಮೈ ಬಿಸಿಯಾದದ್ದೆಲ್ಲ ಜ್ವರವಲ್ಲ



ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ನಮಗೆಲ್ಲ ಗೊತ್ತು. ಮೈ ಬಿಸಿಯಾದದ್ದೆಲ್ಲ ಜ್ವರವಲ್ಲವೆಂಬುದು ಅಷ್ಟಾಗಿ ಗೊತ್ತಿಲ್ಲ. ಠಾಣೆಯ ಹೋಟೆಲುಗಳ ಒಲೆಯ ಮುಂದೆ, ಡೊಂಬಿವಲಿಯ ಕಾರ್ಖಾನೆಗಳಲ್ಲಿ, ನವಿ ಮುಂಬಯಿಯ ಕಟ್ಟಡಗಳ ಮೇಲೆ ದುಡಿಯುವವರಿಗೆ ಇದು ಜೀವದ ಪ್ರಶ್ನೆ. ಆದುದರಿಂದಲೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮಿದುಳಿನ ತಳದಲ್ಲಿ ಬಾದಾಮಿಯಷ್ಟೇ ಗಾತ್ರದ ಹೈಪೊಥಲಾಮಸ್ ಎಂಬ ಭಾಗವಿದೆ. ಹಸಿವು, ಬಾಯಾರಿಕೆ, ಮೈಯ ಕಾವು ಇವುಗಳ ಉಸ್ತುವಾರಿ ಅದರದು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಅವರು ಬೆಕ್ಕಿನ ಮಿದುಳಿನ ಈ ಭಾಗಕ್ಕೆ ಸಣ್ಣ ತಂತಿಯಿಂದ ವಿದ್ಯುತ್ತು ಹಾಯಿಸಿ, ಉಸಿರಾಟ ರಕ್ತದೊತ್ತಡಗಳು ಬದಲಾಗುವುದನ್ನು ತೋರಿಸಿದರು. 1949ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ನಮ್ಮ ದೇಶದ ಡಾ. ಬಿ. ಕೆ. ಆನಂದ್ ಅವರು 1951ರಲ್ಲಿ ಅಮೆರಿಕದ ಬ್ರೋಬೆಕ್ ಅವರೊಡನೆ ಇದೇ ಭಾಗದ ಪಾರ್ಶ್ವದಲ್ಲಿ ಹಸಿವಿನ ಕೇಂದ್ರವನ್ನು ಕಂಡುಹಿಡಿದರು. ಆ ಕೇಂದ್ರ ನಾಶವಾದ ಇಲಿಗಳು ಆಹಾರ ಎದುರಿಗಿದ್ದರೂ ಮುಟ್ಟಲಿಲ್ಲ.

ಈಗ ಈ ವಿದ್ಯೆ ಇನ್ನೂ ಸೂಕ್ಷ್ಮವಾಗಿದೆ. 2022ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಬೇನೆ ಬಿದ್ದಾಗ ಎಚ್ಚರಗೊಳ್ಳುವ ಕೆಲವು ನರಕೋಶಗಳನ್ನು ಸುಂಡಿಲಿಗಳಲ್ಲಿ ಗುರುತಿಸಿದರು. ಆ ಕೋಶಗಳನ್ನಷ್ಟೇ ಕೆರಳಿಸಿದಾಗ ಮೈಕಾವು ಏರಿತು; ಸುಂಡಿಲಿಗಳು ಬೆಚ್ಚನೆಯ ಜಾಗ ಹುಡುಕಿದವು, ತಿನ್ನುವುದನ್ನು ಕಡಿಮೆ ಮಾಡಿದವು. ಜ್ವರ ಬಂದವನು ಕಂಬಳಿ ಹೊದ್ದು ಗಂಜಿಯೂ ಬೇಡವೆನ್ನುವುದು ಇಂಥ ಕಾರಣದಿಂದಲೇ.

ಅಂದರೆ ಜ್ವರವೆಂಬುದು ಮಿದುಳು ತಾನಾಗಿಯೇ ಏರಿಸಿದ ಕಾವು. ಸುಮಾರು 37 ಡಿಗ್ರಿಯ ತನ್ನ ಗುರುತನ್ನು ಅದು ಮೇಲಕ್ಕೆ ಸರಿಸಿರುತ್ತದೆ. ಪ್ಯಾರಾಸಿಟಮಾಲ್ ಮಾತ್ರೆ ಆ ಗುರುತನ್ನು ಕೆಳಗಿಳಿಸುತ್ತದೆ. ಬಿಸಿಲಾಘಾತದಲ್ಲಿ ಹಾಗಲ್ಲ. ಗುರುತು ಇದ್ದಲ್ಲೇ ಇದೆ. ಶಾಖವನ್ನರಿಯುವ ಕೋಶಗಳು ಚರ್ಮಕ್ಕೆ ರಕ್ತ ನೂಕಿ, ಬೆವರಿಳಿಸಿ ಹೆಣಗುತ್ತಿರುತ್ತವೆ. ಆದರೆ ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಆರದ ಬೆವರು ಮೈಯನ್ನು ತಣಿಸುವುದಿಲ್ಲ. ಕಾವು ಕೈಮೀರುತ್ತದೆ. ಇಳಿಸುವುದಕ್ಕೆ ಏರಿದ ಗುರುತೇ ಇಲ್ಲವಾದ್ದರಿಂದ ಮಾತ್ರೆ ಇಲ್ಲಿ ನಿರರ್ಥಕ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರಿನ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಬೇಗೆಯಿಂದ ಅಸುನೀಗಿದರು. ಅಂಥದು ಕೆಲಸದ ಜಾಗದಲ್ಲೂ ಆಗಬಹುದು.

ಬಿಸಿಲಿನಲ್ಲೋ ಭಟ್ಟಿಯ ಮುಂದೆಯೋ ದುಡಿಯುವವನ ಮೈ ಸುಡುತ್ತಿದ್ದು, ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ, ಮಾತ್ರೆ ಕೊಟ್ಟು ಮಲಗಿಸಬೇಡಿರಿ. ನೆರಳಿಗೆ ಒಯ್ಯಿರಿ, ಬಟ್ಟೆ ಸಡಿಲಿಸಿ ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿರಿ, ಕುತ್ತಿಗೆ, ಕಂಕುಳುಗಳಿಗೆ ಮಂಜುಗಡ್ಡೆ ಇಡಿರಿ, 108ಕ್ಕೆ ಕರೆಮಾಡಿರಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಕೂಡದು. ಆಂಬುಲೆನ್ಸ್ ಬರುವ ತನಕ ತಣಿಸುವುದನ್ನು ನಿಲ್ಲಿಸಬಾರದು.

ನಿಮ್ಮ ಖೋಲಿಯ ಜೊತೆಗಾರರಿಗೂ ಕೆಲಸದ ಮುಕಾದಮರಿಗೂ ಇಷ್ಟನ್ನು ಇಂದೇ ತಿಳಿಸಿರೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.