ಚೀಟಿಯಲ್ಲಿ ಬರೆಯದ ಲಸಿಕೆ
(ಸುಂಕದಕಟ್ಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಜನಾರೋಗ್ಯದ ಬಗ್ಗೆ ಮಾತಾಡಿ ಎಂದಿದ್ದೀರಿ. ವಿಷಯ ದೊಡ್ಡದು. ನಾನು ಅದರಲ್ಲಿ ಒಂದನ್ನೇ ಹಿಡಿದುಕೊಳ್ಳುತ್ತೇನೆ: ಶುಗರ್ ಇರುವವರು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕಾದ, ಆದರೆ ಬಹುತೇಕ ಯಾರೂ ಹಾಕಿಸಿಕೊಳ್ಳದ ಫ್ಲೂ ಲಸಿಕೆ.

2023ರ ಮಾರ್ಚ್ 1ರಂದು ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್‌3ಎನ್‌2 ಫ್ಲೂ ತಗುಲಿ ತೀರಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆಯೂ ಇತ್ತು, ರಕ್ತದೊತ್ತಡವೂ ಇತ್ತು. ಆಗ ಆರೋಗ್ಯ ಸಿಬ್ಬಂದಿಗೆ ಫ್ಲೂ ಲಸಿಕೆ ಕೊಡಿಸಲು ರಾಜ್ಯ ಸರ್ಕಾರ ಮುಂದಾಯಿತು. ಒಳ್ಳೆಯ ಕೆಲಸ. ಆದರೆ ಅಪಾಯದಲ್ಲಿರುವ ಆ ಹಿರಿಯರಂಥವರ ಮನೆಗೆ ಲಸಿಕೆ ಇನ್ನೂ ತಲುಪಿಲ್ಲ.

ಫ್ಲೂ ಎಂದರೆ ಮೂರು ದಿನದ ನೆಗಡಿ ಎಂದು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಶುಗರ್ ಇರುವ ದೇಹದಲ್ಲಿ ಅದು ಹಾಗೆ ಮುಗಿಯುವ ಖಾತ್ರಿಯಿಲ್ಲ. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣಗಳು ಚುರುಕು ಕಳೆದುಕೊಳ್ಳುತ್ತವೆ. ಜ್ವರ ಬಂದಾಗ ದೇಹ ಸುರಿಸುವ ಹಾರ್ಮೋನುಗಳು ಸಕ್ಕರೆಯನ್ನು ಇನ್ನಷ್ಟು ಏರಿಸುತ್ತವೆ. ಬಾಯಿ ಕೆಟ್ಟು ಊಟ ಸೇರುವುದಿಲ್ಲ. ಊಟ ಮಾಡಿಲ್ಲವಲ್ಲ ಎಂದು ಮನೆಯವರು ಮಾತ್ರೆ, ಇನ್ಸುಲಿನ್ ನಿಲ್ಲಿಸಿಬಿಡುತ್ತಾರೆ. ಅಷ್ಟರಲ್ಲಿ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಶುರುವಾಗಿರುತ್ತದೆ. 2009ರ ಹಂದಿಜ್ವರದ ಕಾಲದಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ನಡೆದ ಅಧ್ಯಯನದ ಪ್ರಕಾರ, ಶುಗರ್ ಇದ್ದವರು ಆಸ್ಪತ್ರೆ ಸೇರುವ ಸಂಭವ ಇಲ್ಲದವರ ಮೂರು ಪಟ್ಟು. ಸೇರಿದ ಮೇಲೆ ಐಸಿಯುಗೆ ಹೋಗಬೇಕಾಗುವ ಸಂಭವ ನಾಲ್ಕು ಪಟ್ಟು.

ಲಸಿಕೆಯಿಂದ ಏನು ಉಪಯೋಗ? ಇಂಗ್ಲೆಂಡಿನಲ್ಲಿ ಟೈಪ್ 2 ಮಧುಮೇಹದ 1.24 ಲಕ್ಷ ಜನರ ಏಳು ವರ್ಷಗಳ ದಾಖಲೆ ಪರಿಶೀಲಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರುವುದು ಶೇ 30ರಷ್ಟು, ಸಾವು ಶೇ 24ರಷ್ಟು ಕಡಿಮೆ ಕಂಡಿತು. ಫ್ಲೂ ಲಸಿಕೆ ಹಾಕಿಸಿಕೊಂಡವರಿಗೂ ಜ್ವರ ಬರಬಹುದು. ಆದರೆ ಅದು ಪ್ರಾಣಕ್ಕೆ ಬರುವ ಸಂಭವ ತಗ್ಗುತ್ತದೆ. ನನಗೆ ಅಷ್ಟು ಸಾಕು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಇತ್ತ 2017-18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆ ನೋಡಿದರೆ, 45 ದಾಟಿದವರಲ್ಲಿ ಫ್ಲೂ ಲಸಿಕೆ ಪಡೆದವರು ನೂರಕ್ಕೆ ಇಬ್ಬರೂ ಇಲ್ಲ.

ಜನ ಸೂಜಿಗೆ ಹೆದರುತ್ತಾರೆ, ತಿಳಿವಳಿಕೆ ಇಲ್ಲ ಎಂದು ನನ್ನ ವೃತ್ತಿಬಾಂಧವರು ಹೇಳುವುದುಂಟು. ನಾನು ಒಪ್ಪುವುದಿಲ್ಲ. 2021ರ ಮಾರ್ಚ್ 1ರಿಂದ 60 ದಾಟಿದವರಿಗೂ, ಬೇರೆ ಕಾಯಿಲೆಯಿರುವ 45 ದಾಟಿದವರಿಗೂ ಕೊರೊನಾ ಲಸಿಕೆ ತೆರೆದಾಗ ಇದೇ ಮಾಗಡಿ ರಸ್ತೆಯ ಜನ ಬಿಸಿಲಲ್ಲಿ ಸಾಲು ನಿಂತರು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಯೊಬ್ಬರಿಗೆ ಫ್ಲೂ ಲಸಿಕೆಯ ಮಾತು ತೆಗೆದೆ. “ಶುಗರ್ ಬಂದು ಎಷ್ಟೋ ವರ್ಷ ಆಯ್ತು ಸಾರ್, ತಿಂಗಳು ತಿಂಗಳು ತೋರಿಸ್ತೀನಿ. ಇದನ್ನ ಯಾರೂ ಹೇಳ್ಲೇ ಇಲ್ವಲ್ಲ” ಎಂದರು. ಅವರ ಚೀಟಿ ನೋಡಿದೆ. ಮೆಟ್‌ಫಾರ್ಮಿನ್ ಇತ್ತು, ಬಿಪಿ ಮಾತ್ರೆ ಇತ್ತು, ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ ಎಂದಿತ್ತು. ಲಸಿಕೆಯ ಸಾಲೇ ಇರಲಿಲ್ಲ.

ಮೆಡಿಕಲ್ ಸ್ಟೋರಿನ ಫ್ರಿಜ್ಜನ್ನು ಒಮ್ಮೆ ಗಮನಿಸಿ. ಇನ್ಸುಲಿನ್ ಇಡುವ 2ರಿಂದ 8 ಡಿಗ್ರಿ ತಂಪಿನಲ್ಲೇ ಫ್ಲೂ ಲಸಿಕೆಯನ್ನೂ ಇಡಬೇಕು. ಇನ್ಸುಲಿನ್‌ಗೆ ದಿನವೂ ಗಿರಾಕಿಗಳಿದ್ದಾರೆ, ಆದ್ದರಿಂದ ಅದು ಇರುತ್ತದೆ. ಲಸಿಕೆ ಬೇಕೆಂದರೆ “ಆರ್ಡರ್ ಕೊಟ್ರೆ ತರಿಸ್ಕೊಡ್ತೀವಿ” ಎನ್ನುತ್ತಾರೆ. ವೈದ್ಯರು ಬರೆಯದೆ ಅಂಗಡಿಯವರು ತರಿಸುವುದಿಲ್ಲ.

ಇನ್ನು ದುಡ್ಡು. ಒಂದು ಡೋಸಿಗೆ ಎರಡು ಸಾವಿರ ರೂಪಾಯಿ ಆಸುಪಾಸು. ಗಾರ್ಮೆಂಟ್ಸ್ ಕೆಲಸದವರಿಗೆ ಅದು ನಾಲ್ಕೈದು ದಿನದ ಕೂಲಿ, ಅದೂ ಪ್ರತಿವರ್ಷ. ಗಂಡ ಹೆಂಡತಿ ಇಬ್ಬರಿಗೂ ಶುಗರ್ ಇದ್ದರೆ ಆ ತಿಂಗಳ ಬಾಡಿಗೆಗೇ ಕೈಹಾಕಬೇಕು. ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಫ್ಲೂ ಲಸಿಕೆ ಸೇರಿಲ್ಲ. ಬ್ರಿಟನ್ನಿನಲ್ಲಿ ಮಧುಮೇಹಿಗಳಿಗೆ ಅದು ಉಚಿತ. ನಮ್ಮ ರಾಜ್ಯದಲ್ಲಿ 2022ರ ಡಿಸೆಂಬರಿನಿಂದ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಿವೆ. ಅಲ್ಲಿ ಶುಗರ್, ಬಿಪಿ ಪರೀಕ್ಷೆಯೂ ಮಾತ್ರೆಯೂ ಉಚಿತವಾಗಿ ಸಿಗುತ್ತವೆ. ಯಾರಿಗೆ ಶುಗರ್ ಇದೆ ಎಂಬ ದಾಖಲೆ ಅಲ್ಲೇ ಇರುವಾಗ ಲಸಿಕೆ ಕೊಡಲು ಬೇರೆ ಜಾಗ ಹುಡುಕಬೇಕಾಗಿಲ್ಲ.

ಯಾವಾಗ ಹಾಕಿಸಿಕೊಳ್ಳಬೇಕು? ಫ್ಲೂ ನಮ್ಮಲ್ಲಿ ಮಳೆಗಾಲದಲ್ಲೊಮ್ಮೆ, ವರ್ಷದ ಮೊದಲ ತಿಂಗಳುಗಳಲ್ಲಿ ಮತ್ತೊಮ್ಮೆ ಏರುತ್ತದೆ. ರಕ್ಷಣೆ ಕೂಡಿಬರಲು ಎರಡು ವಾರ ಬೇಕಾದ್ದರಿಂದ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಒಳ್ಳೆಯದು. ವೈರಸ್ ರೂಪ ಬದಲಿಸುತ್ತದೆ, ಹಾಗಾಗಿ ಪ್ರತಿವರ್ಷವೂ ಬೇಕು. ತೋಳಿಗೆ ಕೊಡುವ ಈ ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇಲ್ಲ. ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋಯಬಹುದು. ಹಿಂದೆ ಇದೇ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದವರು ತೆಗೆದುಕೊಳ್ಳಬಾರದು. ಜೋರು ಜ್ವರವಿದ್ದರೆ ಇಳಿದ ಮೇಲೆ ಹಾಕಿಸಿಕೊಳ್ಳಿ.

ವೈದ್ಯ ಮಿತ್ರರಲ್ಲಿ ನನ್ನ ಕೋರಿಕೆ: ಶುಗರ್ ಚೀಟಿಯಲ್ಲಿ ಫ್ಲೂ ಲಸಿಕೆಯ ಒಂದು ಸಾಲು ಸೇರಿಸಿ. ಪ್ರತಿ ಮೇ ತಿಂಗಳಲ್ಲಿ ‘ನಮ್ಮ ಕ್ಲಿನಿಕ್’ಗಳಲ್ಲಿ ಮಧುಮೇಹಿಗಳಿಗೆ ಫ್ಲೂ ಲಸಿಕೆ ಉಚಿತವಾಗಿ ಕೊಡಬೇಕೆಂದು ಪಾಲಿಕೆಗೆ ಬರೆದ ಮನವಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಓದಿ, ಸರಿಯೆನಿಸಿದರೆ ಹೊರಡುವಾಗ ಸಹಿ ಹಾಕಿ.